ಅರಳದ ಕಾಳಿನ ಲೆಕ್ಕ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಬಯಲಲ್ಲಿ
ಸಂಜೆ ಐದಕ್ಕೆ ಹೊಗೆ ತುಸು ಪಕ್ಕಕ್ಕೆ ಸರಿದು
ಆಟಕ್ಕೆ ಜಾಗ ಬಿಡುತ್ತದೆ.
ಮೊಣಕಾಲು ಮುರಿದ ಮೇಲೆ ನನ್ನ ಜಾಗ ಗೋಡೆಯ ಮೇಲೆ,
ತೊಡೆಯ ಮೇಲೆ ಗ್ರಾಫ್ ಪುಸ್ತಕ,
ಎರಡು ಕಿವಿಗೆ ಎರಡು ಪೆನ್ನು:
ನಮ್ಮದು ನೀಲಿ, ಎದುರಿನವರದು ಕೆಂಪು.

ಒಂದು ಚೌಕಕ್ಕೆ ಎರಡು ಹೆಜ್ಜೆ.
ಯಾರ ಹೆಜ್ಜೆ ಎಂದರೆ ದಾದಾಪೀರನದ್ದು,
ಟೀಮು ಕಟ್ಟಿದವನೇ ಚಪ್ಪಲಿ ಹಾಕಿಕೊಂಡು ಅಳೆದದ್ದು.
ಚೆಂಡು ಮುಟ್ಟಿದಲ್ಲೊಂದು ಚುಕ್ಕಿ,
ಅಲ್ಲಿಂದ ಇನ್ನೊಬ್ಬನ ಕಾಲಿಗೆ ಗೆರೆ.
ಎಂಟು ಪಂದ್ಯ ಮುಗಿಯುವಷ್ಟರಲ್ಲಿ
ಮಿಲ್ಲಿನ ನೆಲದಲ್ಲಿ ಗುಡಿಸದೆ ಬಿಟ್ಟ ತುಂಡು ನೂಲಿನ ಹಾಗೆ
ಗೆರೆಯ ಮೇಲೆ ಗೆರೆ.

ಜಗಳಗಳೂ ಕಂಡವು ಅದರಲ್ಲಿ.
ತಿಪ್ಪೇಶಿಯಿಂದ ಚಮನ್‌ಗೆ ಎಂಟು ಆಟಕ್ಕೆ ಎರಡೇ ಪಾಸು,
ಒಂದು ಕಾಲು ಜಾರಿ ಹೋದದ್ದು.
ಯಾಕೆಂದು ಪುಸ್ತಕಕ್ಕೆ ಗೊತ್ತಿಲ್ಲ, ಓಣಿಗೆಲ್ಲ ಗೊತ್ತು:
ಕೇಳಿ ಒಯ್ದು, ಬೆಂಡು ಮಾಡಿ ತಂದುಕೊಟ್ಟ ಸೈಕಲ್ಲು.

ಗೋಲಿನತ್ತ ಒದ್ದದ್ದೆಲ್ಲ ಗೋಲಲ್ಲ.
ಇದನ್ನು ಯಾವ ಮೇಷ್ಟ್ರೂ ಕಲಿಸಲಿಲ್ಲ,
ಅಮ್ಮಿ ಕಲಿಸಿದಳು, ಕಾದ ಮರಳಿನ ಮುಂದೆ ಕೂತು:
‘ಒಂದೇ ಮೂಟೆ, ಒಂದೇ ಉರಿ,
ಆದರೂ ಕೆಲವು ಕಾಳು ಅರಳಲ್ಲ ಬೇಟಾ.
ಯಾವ ಕಾಳು ಅಂತ ಕೇಳಬೇಡ.
ಸೇರಿಗೆ ಎಷ್ಟು ಅಂತ ಕೇಳು, ಹೇಳ್ತೀನಿ.’

ಹಾಗೇ ಎಣಿಸಿದೆ.
ಬೇವಿನ ಮರದ ನೇರಕ್ಕೆ ನಿಂತು ಒದ್ದರೆ ಹತ್ತಕ್ಕೆ ನಾಲ್ಕು,
ಬಲಗಡೆಯ ಟೈರು ರಾಶಿಯಿಂದ ಇಪ್ಪತ್ತಕ್ಕೊಂದು.
ಕೊಟ್ರೇಶಿ ಮಾತ್ರ ಟೈರು ರಾಶಿಯಿಂದಲೇ ಒದೆಯುವವನು.
ಒಮ್ಮೆ ಒಳಗೆ ಹೋಯಿತಲ್ಲ,
ಆ ನೆನಪೇ ಅವನ ಅಂಕಿಅಂಶ.

ಹರಿಹರದವರ ಜೊತೆ ಆಟ, ಇನ್ನು ಒಂಬತ್ತು ದಿನ.
ದಾದಾಪೀರ ನನ್ನ ಪುಸ್ತಕ ಕಸಿದು ಗಟ್ಟಿಯಾಗಿ ಓದಿದ:
ಓಬಳೇಶಿ, ಎಡಗಡೆ, ಹಿಂದೆ.
ಚೆಂಡು ಮುಟ್ಟಿದ್ದು ಆಟಕ್ಕೆ ಹನ್ನೊಂದು. ಕೊಟ್ಟದ್ದು ಆರು.
‘ಇವನೇನು ಆಡ್ತಾನೋ, ನಿಂತು ಗಾಳಿ ಕುಡೀತಾನೋ?
ನಿನ್ ಲೆಕ್ಕನೇ ಹೇಳ್ತತಿ. ಕುಂದರ್ಸು ಇವನ್ನ.’
ಓಬಳೇಶಿ ಅಲ್ಲೇ ಲೇಸು ಕಟ್ಟುತ್ತಿದ್ದ.
ಕಟ್ಟಿದ್ದನ್ನು ಬಿಚ್ಚಿದ,
ಮತ್ತೆ ಕಟ್ಟಿದ.

ಆ ರಾತ್ರಿ ಕರೆಂಟು ಇರಲಿಲ್ಲ.
ಎಂಟೂ ಆಟದ ಕೆಂಪನ್ನಷ್ಟೇ ಒಂದು ಹಾಳೆಗೆ ಇಳಿಸಿದೆ,
ಮೊಬೈಲು ಬೆಳಕಲ್ಲಿ, ಒಂದೊಂದೇ ಚುಕ್ಕಿ.
ಬಲಗಡೆ ದಡಾರ ಎದ್ದ ಹಾಗೆ ಕೆಂಪು,
ನಡುವೆಯೂ ಕೆಂಪು,
ಎಡಗಡೆ ಮಾತ್ರ
ಹಾಳೆ ಹಾಳೆಯಾಗಿಯೇ ಉಳಿದಿತ್ತು.

ಅವನು ಅಲ್ಲಿ ನಿಂತಿದ್ದಾನೆಂದು
ಯಾರೋ ಕೊಡದೇ ಹೋದ ಪಾಸು,
ಯಾರೋ ಅರ್ಧಕ್ಕೆ ತಿರುಗಿಸಿಕೊಂಡ ಓಟ,
ಇವಕ್ಕೆ ನನ್ನ ಎರಡು ಕಿವಿಯಲ್ಲೂ ಪೆನ್ನಿರಲಿಲ್ಲ.

ಬೆಳಿಗ್ಗೆ ತೋರಿಸಿದೆ.
ದಾದಾಪೀರ ಹಾಳೆಯನ್ನು ಅಡ್ಡ ಹಿಡಿದ, ಉದ್ದ ಹಿಡಿದ,
ಎಡಗಡೆಗೆ ಬೆರಳಿಟ್ಟು
‘ಇಲ್ಲೇನೂ ಇಲ್ವಲ್ಲಲೇ’ ಅಂದ.
‘ಅದೇ ಅವನು’ ಅಂದೆ.

ನಂಬಿದನೋ, ಆಡಬೇಕಿದ್ದ ಇನ್ನೊಬ್ಬನಿಗೆ ಜ್ವರ ಬಂತೋ,
ಓಬಳೇಶಿ ಆಡಿದ.
ನಾವು ಸೋತೆವು, ಒಂದು ಸೊನ್ನೆ.
ಹರಿಹರದ ಸಣಕಲನೊಬ್ಬ ಟೈರು ರಾಶಿಯ ಕಡೆಯಿಂದ
ಕಣ್ಣು ಮುಚ್ಚಿಕೊಂಡು ಒದ್ದ.
ಇಪ್ಪತ್ತಕ್ಕೊಂದು.
ಆ ಒಂದು ಅವತ್ತೇ ಅರಳಿತು.
ಕೊಟ್ರೇಶಿ ನನ್ನ ಕಡೆ ತಿರುಗಿ ನೋಡಿದ,
ಏನೂ ಅನ್ನಲಿಲ್ಲ, ನೋಡಿದ ಅಷ್ಟೇ.

ಕತ್ತಲಾದ ಮೇಲೆ, ಮಿರ್ಚಿ ಮಂಡಕ್ಕಿಯ ಪೊಟ್ಟಣ ಹಿಡಿದು
ಗೋಡೆಯ ಬಳಿ ಬಂದ ಓಬಳೇಶಿ.
‘ನಂದು ಎಷ್ಟು ಬಂತು?’
‘ಒಂಬತ್ತು.’
‘ಎರಡು ಕಮ್ಮಿ’ ಎಂದು ಬೆರಳು ಮಡಿಸಿದ,
ಪೊಟ್ಟಣ ನನ್ನತ್ತ ಸರಿಸಿದ.
‘ಮುಂದಿನ ಸಲ ಇನ್ನೂ ಇಳಿಸ್ತೀನಿ ಬಿಡು.’